ಅಪ್ಪನನ್ನೂ ಕರೆದುಕೊಂಡು ಒಪಿಡಿಗೆ ಹೋಗಿ

ಪ್ರಶ್ನೆ: ನನಗೆ 19 ವರ್ಷ. ಎರಡು ಡೆಂಟಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಒಂದು ಹಳೆಯದು, ಹೆಸರಾದದ್ದು. ಆದರೆ ಶುಲ್ಕ ಎರಡು ಪಟ್ಟು, ಸಾಲ ಮಾಡಲೇಬೇಕು. ಇನ್ನೊಂದರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಅಪ್ಪ ‘ಸಾಲದ ಚಿಂತೆ ನನಗಿರಲಿ, ನೀನು ದೊಡ್ಡ ಕಾಲೇಜಿಗೇ ಸೇರು’ ಅನ್ನುತ್ತಾರೆ. ಅವರ ಮೇಲೆ ಭಾರ ಹಾಕಲು ಮನಸ್ಸಿಲ್ಲ, ಎದುರಾಡಲು ಧೈರ್ಯವೂ ಇಲ್ಲ. ಜೊತೆಗೆ, ಯಾರಾದರೂ ನೋಡುತ್ತಿದ್ದರೆ ನನ್ನ ಕೈ ನಡುಗುತ್ತದೆ. ಇಂಥವಳು ಹಲ್ಲಿನ ಡಾಕ್ಟರ್ ಆಗಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನ್ನಿಸುತ್ತದೆ.

ಯಾರೋ ನೋಡುವಾಗ ಮಾತ್ರ ಕೈ ನಡುಗಿದರೆ ಅದು ಹೆಚ್ಚಾಗಿ ಭಯದ ನಡುಕ. ಕೆಲಸ ರೂಢಿಯಾದಂತೆ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಸೇರಿದ ಕೂಡಲೇ ಯಾರೂ ನಿಮ್ಮ ಕೈಗೆ ಡ್ರಿಲ್ ಕೊಟ್ಟು ರೋಗಿಯ ಮುಂದೆ ನಿಲ್ಲಿಸುವುದಿಲ್ಲ. ಮೊದಲು ಮೇಣದಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟರ್ ಕಲಸುವುದು. ಆಮೇಲೆ ಫ್ಯಾಂಟಮ್ ಹೆಡ್, ಅಂದರೆ ಬೊಂಬೆ ತಲೆ. ಅದರ ಬಾಯಿಯಲ್ಲಿರುವ ಹಲ್ಲು ಕೊರೆದು ತುಂಬಿ ಕಲಿಯುತ್ತೀರಿ. ಮೇಲಿನ ದವಡೆಯಲ್ಲಿ ಎಷ್ಟೋ ಕೆಲಸವನ್ನು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡೇ ಮಾಡಬೇಕು. ಅಲ್ಲಿ ಎಲ್ಲವೂ ತಿರುಗಾಮುರುಗಾ ಕಾಣುತ್ತದೆ. ಚುರುಕು ಕೈಯವರೂ ಮೊದಮೊದಲು ತಡವರಿಸುತ್ತಾರೆ. ಸುಮ್ನೆ ಕೂತಾಗಲೂ, ಲೋಟ ಎತ್ತುವಾಗಲೂ ಕೈ ನಡುಗುವುದಾದರೆ ಮಾತ್ರ ಸೇರುವ ಮುಂಚೆ ಒಬ್ಬ ವೈದ್ಯರಿಗೆ ತೋರಿಸಿಬಿಡಿ.

ಇನ್ನು ಕಾಲೇಜು. ಇದು ಕೈಯಲ್ಲಿ ಮಾಡಿ ಕಲಿಯುವ ವಿದ್ಯೆ. ಹಲ್ಲು ಕೀಳದೆ ಕೀಳುವುದು ಬರುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ತಿಳಿದುಕೊಳ್ಳಿ: ಅಲ್ಲಿಗೆ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಅವರಲ್ಲಿ ಎಷ್ಟು ಮಂದಿ ನಿಮ್ಮಂಥ ವಿದ್ಯಾರ್ಥಿಗಳ ಕೈಗೆ ಸಿಗುತ್ತಾರೆ? ಒಪಿಡಿ (ಹೊರರೋಗಿಗಳ ವಿಭಾಗ) ತುಂಬಿ ತುಳುಕುತ್ತಿದ್ದರೂ ಕಷ್ಟದ ಕೇಸ್‌ಗಳೆಲ್ಲ ಪಿಜಿ (ಸ್ನಾತಕೋತ್ತರ) ಓದುವವರಿಗೇ ಹೋಗಿ, ಉಳಿದವರಿಗೆ ಹಲ್ಲು ಕ್ಲೀನ್ ಮಾಡುವುದಷ್ಟೇ ದಕ್ಕಬಹುದು. ರೋಗಿಗಳೇ ಬಾರದ ಕಡೆ, ಪರೀಕ್ಷೆಗೆ ಮುಂಚೆ ಮುಗಿಸಬೇಕಾದ ಕೇಸ್‌ಗಳಿಗಾಗಿ ವಿದ್ಯಾರ್ಥಿಗಳೇ ನೆಂಟರು, ಗೆಳೆಯರನ್ನು ಗೋಗರೆದು ಕರೆತರಬೇಕಾಗುತ್ತದೆ. ಎರಡೂ ನಷ್ಟವೇ.

ಇದು ವೆಬ್‌ಸೈಟ್ ನೋಡಿದರೆ ಗೊತ್ತಾಗುವುದಿಲ್ಲ. ವಾರದ ನಡುವೆ ಒಂದು ಬೆಳಿಗ್ಗೆ, ಒಪಿಡಿ ನಡೆಯುವ ಹೊತ್ತಿಗೆ ಹೋಗಿ. ಎಷ್ಟು ಡೆಂಟಲ್ ಚೇರ್ ಇವೆ ಅನ್ನುವುದಕ್ಕಿಂತ ಎಷ್ಟರಲ್ಲಿ ಕೆಲಸ ನಡೆಯುತ್ತಿದೆ ಅಂತ ನೋಡಿ. ಉಪಕರಣಗಳು, ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ ಶುದ್ಧವಾಗಿ ಸೀಲ್ ಆದ ಪೊಟ್ಟಣದಲ್ಲಿ ಬರುತ್ತವೆಯೋ ಗಮನಿಸಿ. ಇದರಲ್ಲಿ ಸೋಮಾರಿತನ ಮಾಡುವ ಕಾಲೇಜಿಗೆ ಖಂಡಿತ ಸೇರಬೇಡಿ. ಮಾತಾಡುವುದಾದರೆ ಪಾಠ ಮುಗಿಸಿ ಅಲ್ಲೇ ತರಬೇತಿಯಲ್ಲಿರುವ ಇಂಟರ್ನ್‌ಗಳ ಹತ್ತಿರ ಮಾತಾಡಿ. ನೀವೇ ಎಷ್ಟು ಹಲ್ಲು ಕಿತ್ತಿದ್ದೀರಿ? ರೂಟ್ ಕೆನಾಲ್ ಎಷ್ಟು ಮಾಡಿದ್ದೀರಿ? ಮೇಷ್ಟ್ರು ಪಕ್ಕ ನಿಂತು ತಿದ್ದುತ್ತಾರಾ, ಸಹಿ ಹಾಕಿ ಹೋಗಿಬಿಡುತ್ತಾರಾ? ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿದರೆ ನಿಜ ಹೊರಬರುತ್ತದೆ. ಮಾನ್ಯತೆಯನ್ನು ಮಾತ್ರ ಕಾಲೇಜಿನವರ ಬಾಯಿಮಾತಿನಲ್ಲಿ ನಂಬಬೇಡಿ, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ನೋಡಿ. ಮುಂದೆ ಬೇರೆ ದೇಶಕ್ಕೆ ಹೋಗುವ ಆಸೆ ಇದ್ದರೆ ಆ ದೇಶದ ನಿಯಮವನ್ನೂ ಈಗಲೇ ಓದಿ.

ಹೆಸರಿಗೆ ಬೆಲೆಯೇ ಇಲ್ಲ ಅನ್ನುವುದಿಲ್ಲ. ಪಾಠ ಹೇಳುವ ಕೆಲಸಕ್ಕೆ, ಸಂಶೋಧನೆಗೆ ಅದು ಸಹಾಯಕ್ಕೆ ಬರುತ್ತದೆ. ಆದರೆ ಹಲ್ಲುನೋವಿನಿಂದ ಬಂದವರು ನೋವು ಹೋಯಿತಾ ಅಂತ ನೋಡುತ್ತಾರೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆ. ಪಳಗಿದ ಕೈಗಳು ಅವರಿಗೆ ಬೇಕು.

ಸಾಲದ ವಿಷಯದಲ್ಲಿ ಒಂದು ಮಾತು ಅಪ್ಪನಿಗೂ ಗೊತ್ತಿರಲಿ. ಓದು ಮುಗಿದ ಮೇಲೆ ಸ್ವಂತ ಕ್ಲಿನಿಕ್ ಇಡಬೇಕೆಂದರೆ ಚೇರ್, ಎಕ್ಸ್‌ರೇ, ಕಂಪ್ರೆಸರ್, ಆಟೋಕ್ಲೇವ್ ಅಂತ ಮತ್ತೆ ದೊಡ್ಡ ದುಡ್ಡು ಬೇಕು. ಓದಿನ ಸಾಲ ತೀರುವ ಮೊದಲೇ ಇನ್ನೊಂದು ಸಾಲ ತಲೆ ಮೇಲೆ ಬರಬಹುದು. ಓದುವಾಗಲೂ ಶುಲ್ಕದ ಹೊರಗೆ ಉಪಕರಣ, ಹಾಸ್ಟೆಲ್, ಪರೀಕ್ಷೆಯ ಖರ್ಚುಗಳಿರುತ್ತವೆ. ಎರಡೂ ಕಾಲೇಜಿನದು ಕೊನೆಯ ವರ್ಷದವರೆಗಿನ ಲೆಕ್ಕ ಬರೆಯಿರಿ.

ಅಪ್ಪನ ಜೊತೆ ವಾದಕ್ಕಿಳಿಯಬೇಡಿ. ಮಗಳಿಗೆ ಒಳ್ಳೆಯದೇ ಸಿಗಲಿ ಅಂತ ತಾವು ಭಾರ ಹೊರಲು ಹೊರಟವರು ಅವರು. ‘ಅಪ್ಪಾ, ಎರಡೂ ಕಾಲೇಜು ಒಮ್ಮೆ ನೋಡಿ ಬರೋಣ, ನೀವೂ ಬನ್ನಿ’ ಅನ್ನಿ. ಅವರೂ ಒಪಿಡಿಯಲ್ಲಿ ಒಂದು ಗಂಟೆ ಕೂರಲಿ. ದೊಡ್ಡ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ನಿಜಕ್ಕೂ ಜಾಸ್ತಿ ಕೆಲಸ ಸಿಗುತ್ತಿದ್ದರೆ ಆ ಸಾಲಕ್ಕೆ ಅರ್ಥವಿದೆ. ಎರಡೂ ಹೆಚ್ಚುಕಡಿಮೆ ಒಂದೇ ಅನ್ನಿಸಿದರೆ ಶುಲ್ಕ ಕಡಿಮೆ ಇರುವ ಕಡೆಗೇ ಸೇರಿ ಅನ್ನುತ್ತೇನೆ. ಶುಲ್ಕ ಕಟ್ಟಲು ಕೊನೆಯ ದಿನ ಯಾವುದು, ಕಟ್ಟಿದ ಮೇಲೆ ಸೀಟು ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಅನ್ನುವುದನ್ನು ಇವತ್ತೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.