ವಲಸೆ ಹೋದ ಫಿಲಿಪಿನೋಗಳ ಬಗ್ಗೆ ಜನ ಏನೇನು ತಪ್ಪು ತಿಳಿದಿರುತ್ತಾರೆ?

ಹೆಚ್ಚು ಕಾಡುವುದು ಹೆಸರಿನ ಗೊಂದಲ. ಸಾಂತೋಸ್, ಗಾರ್ಸಿಯಾ ಅಂದೊಡನೆ ಅಮೆರಿಕದಲ್ಲಿ ‘ಸ್ಪ್ಯಾನಿಷ್ ಬರುತ್ತಲ್ಲ?’ ಎನ್ನುತ್ತಾರೆ. ಸ್ಪೇನ್ ಅವರ ದೇಶ ಫಿಲಿಪೀನ್ಸನ್ನು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ್ದು ನಿಜ. ಆದರೆ ಈ ಹೆಸರುಗಳು ಹೆಚ್ಚಾಗಿ ರಕ್ತಸಂಬಂಧದಿಂದ ಬಂದವಲ್ಲ. 1849ರಲ್ಲಿ ಗವರ್ನರ್ ಕ್ಲಾವೇರಿಯಾ, ತೆರಿಗೆ ಲೆಕ್ಕ ಸಲೀಸಾಗಲೆಂದು, ಹೆಸರುಗಳ ಪಟ್ಟಿಯನ್ನೇ ಊರೂರಿಗೆ ಕಳಿಸಿ ಹಂಚಿಸಿದ. ಕೆಲವು ಊರುಗಳಲ್ಲಿ ಎಲ್ಲರ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದು ಅದಕ್ಕೇ. ಮನೆಮಾತು ಮಾತ್ರ ತಗಾಲೊಗ್, ಸೆಬುವಾನೊ, ಇಲೊಕಾನೊ, ಹೀಗೆ ನೂರಕ್ಕೂ ಹೆಚ್ಚು.

‘ಇಷ್ಟು ಚೆನ್ನಾಗಿ ಇಂಗ್ಲಿಷ್ ಎಲ್ಲಿ ಕಲಿತಿರಿ?’ ಎಂಬ ಬೆರಗು ಇನ್ನೊಂದು. ಅಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ. ಶಾಲೆಗೆ ತಂದವರು ಸ್ಪೇನಿನ ನಂತರ ಆಳಿದ ಅಮೆರಿಕನ್ನರೇ!

ಊಟದ ವಿಷಯವಂತೂ ಕೋರ್ಟ್‌ವರೆಗೆ ಹೋಗಿದೆ. ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ತಳ್ಳಿಕೊಂಡು ತಿನ್ನುವುದು ಅವರ ರೂಢಿ. 2006ರಲ್ಲಿ ಕೆನಡಾದ ಮಾಂಟ್ರಿಯಲ್ ಬಳಿ ಏಳು ವರ್ಷದ ಫಿಲಿಪಿನೋ ಹುಡುಗನನ್ನು ಶಾಲೆಯಲ್ಲಿ ಇದಕ್ಕಾಗಿಯೇ ಬೈದರು. ಅವನ ತಾಯಿ ದೂರು ಕೊಟ್ಟರು, ಮಾನವ ಹಕ್ಕು ನ್ಯಾಯಮಂಡಳಿ ಕೊನೆಗೆ ಪರಿಹಾರ ಕೊಡಿಸಿತು. ಕೈಯಲ್ಲೇ ಕಲಸಿ ಉಣ್ಣುವ ನಮಗೆ ಆ ತಾಯಿಯ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು, ಕೇಳಿದ್ದಕ್ಕೆ ಬಾಯಿಬಿಡದೆ ಹುಬ್ಬು ಮೇಲೆತ್ತಿದರೆ ಅದು ಉಡಾಫೆಯಲ್ಲ. ‘ಹೌದು’ ಅಂತ.