ಸ್ಕೌಟ್ ಮಕ್ಕಳು ಕಾಡಿನ ಟ್ರೆಕ್‌ಗೆ ಬರೋಕೆ ಒಪ್ಪುತ್ತಿಲ್ಲ, ಹುರಿದುಂಬಿಸುವುದು ಹೇಗೆ?

32 ಮಕ್ಕಳಲ್ಲಿ ಐದೇ ಜನ ಹೆಸರು ಕೊಟ್ಟಿದ್ದಾರೆ ಅಂತ ನಿಮಗೆ ಬೇಜಾರು. ನನಗೆ ಸಿಕ್ಕಿದ್ದು 34ರಲ್ಲಿ ಇಬ್ಬರು.

ನೀವು ದಾವಣಗೆರೆ, ನಾನು ದುರ್ಗ. ಇಲ್ಲಿನ ಒಂದು ಹೈಸ್ಕೂಲಲ್ಲಿ ಸ್ಕೌಟ್ ಮಾಸ್ಟರ್ ಆಗಿ ಆಗಿನ್ನೂ ಎರಡನೇ ವರ್ಷ. ಬೆನ್ನಿಗೆ ಬ್ಯಾಗ್ ಹೊತ್ತು ಕೊಡಚಾದ್ರಿ ಹತ್ತೋದು, ಎರಡು ರಾತ್ರಿ, ಅಡುಗೆ ನಮ್ಮದೇ ಅಂತ ಯೋಜನೆ. ವ್ಯಾನಿಗೆ ಅಡ್ವಾನ್ಸೂ ಕೊಟ್ಟಾಗಿತ್ತು. ಒಂದು ಶುಕ್ರವಾರ ಸಂಜೆ, ಧ್ವಜ ಇಳಿಸಿದ ಮೇಲೆ, ಎಲ್ಲರನ್ನೂ ಕುದುರೆಲಾಳದ ಆಕಾರದಲ್ಲಿ ನಿಲ್ಲಿಸಿ ಕಾಲು ಗಂಟೆ ಮಾತಾಡಿದೆ. 1,343 ಮೀಟರ್ ಎತ್ತರ, ದಟ್ಟ ಕಾಡು, ಹಿಡ್ಲುಮನೆ ಜಲಪಾತ, ಸಾಹಸ, ಗಂಡೆದೆ. ಕೊನೆಗೆ ಕೇಳಿದೆ: "ಯಾರ‍್ಯಾರು ಬರ್ತೀರಿ? ಕೈ ಎತ್ರಿ."

ತಪ್ಪು ಅಂದ್ರೆ ಇದೇ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ತಪ್ಪು ಅಂತ ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯ್ತು. ಕುದುರೆಲಾಳದಲ್ಲಿ ನಿಂತಾಗ ಪ್ರತಿಯೊಬ್ಬನಿಗೂ ಉಳಿದವರೆಲ್ಲರ ಮುಖ ಕಾಣುತ್ತೆ. ಅಲ್ಲಿ ಕೈ ಎತ್ತೋ ಹುಡುಗ ನನಗೆ ಉತ್ತರ ಕೊಡ್ತಿಲ್ಲ, ಜೊತೆಯವರಿಗೆ ಕೊಡ್ತಾನೆ. ಸಿಂಹ ಪ್ಯಾಟ್ರೋಲಿನ (ಪ್ಯಾಟ್ರೋಲ್ ಅಂದ್ರೆ ಸ್ಕೌಟ್ ಮಕ್ಕಳ ಸಣ್ಣ ತಂಡ) ಲೀಡರ್, ಒಂಬತ್ತನೇ ಕ್ಲಾಸಿನವನು, ಎಲ್ಲರೂ ಮೆಚ್ಚೋ ಹುಡುಗ, ತನ್ನ ಶೂ ನೋಡ್ತಾ ನಿಂತ. ಅವನ ಆರು ಜನ ಅವನನ್ನ ನೋಡಿದ್ರು. ಆ ಆರು ಜನರನ್ನ ಉಳಿದವರು ನೋಡಿದ್ರು. ಮುಗೀತು. ಇನ್ನೂ ಯೋಚನೆ ಮಾಡ್ತಿದ್ದವನೂ ಕೈ ಇಳಿಸಿಯೇ ಇಟ್ಟ. ಒಂದ್ಸಲ ಎಲ್ಲರೆದುರು ಇಳಿಸಿದ ಕೈಯನ್ನ ಸೋಮವಾರ ಬಂದು ಎತ್ತೋದು ಹದಿಮೂರು ವರ್ಷದ ಹುಡುಗನಿಗೆ ಆಗದ ಕೆಲಸ.

ನಾನು ಅಷ್ಟಕ್ಕೇ ಬಿಟ್ಟಿದ್ರೆ ಏನೋ. ಸಿಟ್ಟು ಬಂತು. "ಒನಕೆ ಓಬವ್ವನ ಊರಲ್ಲಿ ಹುಟ್ಟಿ ಇಷ್ಟು ಪುಕ್ಕಲರೇನ್ರೋ?" ಅಂದುಬಿಟ್ಟೆ. ನಾಚಿಕೆಗೆ ಇನ್ನೂ ಏಳು ಕೈ ಮೇಲೆದ್ದವು. ಹೊರಡೋ ಹಿಂದಿನ ದಿನ ಅದರಲ್ಲಿ ಆರು ಜನಕ್ಕೆ ಒಟ್ಟಿಗೇ ಜ್ವರ! ಟ್ರೆಕ್ ರದ್ದಾಯ್ತು, ಅಡ್ವಾನ್ಸ್ ವಾಪಸ್ ಬರಲಿಲ್ಲ. ದುಡ್ಡು ಹೋಗ್ಲಿ, ಸಿಂಹ ಪ್ಯಾಟ್ರೋಲಿನ ಹುಡುಗ ಸ್ಕೌಟನ್ನೇ ಬಿಟ್ಟ. ಮುಂದಿನ ವರ್ಷ ಸಂತೆಯಲ್ಲಿ ಅವನ ತಾಯಿ ಸಿಕ್ಕಿ, ಸೊಪ್ಪು ಆರಿಸ್ತಾ, ದನಿ ತಗ್ಗಿಸಿ ಹೇಳಿದ್ರು: "ಅವನಿಗೆ ರಾತ್ರಿ ಹಾಸಿಗೆ ಒದ್ದೆ ಆಗ್ತಿತ್ತು ಸರ್. ಅದಕ್ಕೇ ಬರ್ಲಿಲ್ಲ." ನಾನು ಪುಕ್ಕಲ ಅಂತ ಕರೆದದ್ದು ಅವನನ್ನ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮಕ್ಕಳನ್ನ ಹುರಿದುಂಬಿಸೋದು ಬೇಕಾಗಿಲ್ಲ. ಅವರಿಗೆ ಆಸೆ ಇದ್ದೇ ಇರುತ್ತೆ, ಅಡ್ಡ ಬಂದಿರೋದು ಬಾಯಿಬಿಟ್ಟು ಹೇಳೋಕಾಗದ ಯಾವುದೋ ಸಣ್ಣ ವಿಷಯ. ಸರ್ಟಿಫಿಕೇಟ್, ರಾಜ್ಯ ಪುರಸ್ಕಾರ ಅನ್ನೋ ಸ್ಕೌಟ್ ಪ್ರಶಸ್ತಿಯ ಆಸೆ ತೋರಿಸೋದಂತೂ ಬೇಡವೇ ಬೇಡ. ಹಾಗೆ ಬಂದವನು ಮೊದಲನೇ ಏರಿನಲ್ಲೇ "ಸರ್, ಇಲ್ಲಿಗೆ ಸಾಕಲ್ವಾ?" ಅಂತಾನೆ.

ಆ ತಾಯಿ ಸಿಕ್ಕ ವರ್ಷವೇ ಭಾಷಣ ಬಿಟ್ಟೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೀಬೇಡಿ, ಕಾಡಲ್ಲಿ ಎರಡು ರಾತ್ರಿ ಅಂದ ತಕ್ಷಣ ತಲೆಗೆ ಬರೋದನ್ನ ಬರೀರಿ ಅಂದೆ. ಚಿರತೆ ಅಂತ ಒಬ್ಬನೂ ಬರೆದಿರಲಿಲ್ಲ. "ಬಯಲಿಗೆ ಹೇಗೆ ಹೋಗೋದು" ಅಂತ ಹನ್ನೊಂದು ಚೀಟಿ. "ಇಂಬಳ", ಅಂದ್ರೆ ಕಾಡಿನ ಜಿಗಣೆ. "ಸ್ಕೂಲ್ ಶೂ ನಡಿಯುತ್ತಾ, ಬೇರೆ ಇಲ್ಲ". "ಅಜ್ಜಿ ಬಿಟ್ಟು ಮಲಗಿಲ್ಲ". "ಊಟ ಸಾಕಾಗುತ್ತಾ".

ಪ್ರತಿ ಚೀಟಿಗೂ ಉತ್ತರ ಇದೆ. ನೀರಿನ ಜಾಗದಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚೋದು. ಮೈದಾನದ ಮೂಲೆಯಲ್ಲಿ ಸಲಿಕೆ ಹಿಡಿದು ತೋರಿಸಿದೆ. ಹತ್ತು ನಿಮಿಷ ಬಿದ್ದು ಬಿದ್ದು ನಕ್ಕರು, ಭಯ ಅಲ್ಲಿಗೇ ಹೋಯ್ತು. ನಮ್ಮ ಬಯಲುಸೀಮೆ ಮಕ್ಕಳು ಇಂಬಳ ಕಂಡವರಲ್ಲ. ಕಚ್ಚಿದ್ದು ಗೊತ್ತೇ ಆಗಲ್ಲ, ಅದರ ಜೊಲ್ಲಿಗೆ ರಕ್ತ ಬೇಗ ಹೆಪ್ಪುಗಟ್ಟಲ್ಲ, ಅದಕ್ಕೇ ಅಷ್ಟು ಹರಿಯುತ್ತೆ, ಉಗುರಲ್ಲಿ ಮೀಟಿ ಬಿಡಿಸಿ ಒತ್ತಿ ಹಿಡಿದ್ರೆ ಆಯ್ತು ಅಂತ ಹೇಳಿದೆ. ಸ್ಕೂಲ್ ಶೂಗಳ ಅಟ್ಟೆ ನೋಡಿ, ಸವೆದಿದ್ದವರಿಗೆ ಮಾತ್ರ ಹಳೇ ವಿದ್ಯಾರ್ಥಿಗಳಿಂದ ಬೇರೆ ಶೂ ತರಿಸಿದೆ. ಹೊಸ ಶೂ ಆದ್ರೆ ಎರಡು ವಾರ ಮೊದಲೇ ಹಾಕಿ ತಿರುಗಾಡಲಿ, ಇಲ್ಲಾಂದ್ರೆ ಗುಳ್ಳೆ ಏಳುತ್ತೆ.

ಹಾಸಿಗೆ ವಿಷಯ ಆ ಸಲ ಯಾವ ಚೀಟಿಯಲ್ಲೂ ಇರಲಿಲ್ಲ. ಆದರೂ ಪ್ಲಾಸ್ಟಿಕ್ ಹಾಸು, ಎರಡು ಜೊತೆ ಹೆಚ್ಚುವರಿ ಚಡ್ಡಿ ಎಲ್ಲರಿಗೂ ಕಡ್ಡಾಯ ಮಾಡಿದೆ. ರಾತ್ರಿ 11ಕ್ಕೆ ಒಂದ್ಸಲ, 4ಕ್ಕೆ ಒಂದ್ಸಲ ಎಲ್ಲರನ್ನೂ ಎಬ್ಬಿಸ್ತೀನಿ. ಬೈಕೊಳ್ತಾರೆ, ಬೈಕೊಳ್ಳಲಿ. ಒಬ್ಬನನ್ನೇ ಎಬ್ಬಿಸಬಾರದು.

ಸ್ಕೌಟ್ ರೂಮಿನ ಮೂಲೆಯಲ್ಲಿ ತುಂಬಿದ ಬ್ಯಾಗೊಂದು, ಪಕ್ಕದಲ್ಲಿ ಕೊಕ್ಕೆ ತಕ್ಕಡಿ ಇಟ್ಟು ಸುಮ್ಮನಾದೆ. ಮೈತೂಕದ ಐದನೇ ಒಂದು ಭಾಗ ಮೀರಬಾರದು ಅನ್ನೋದು ರೂಢಿ. 40 ಕೆಜಿ ಹುಡುಗನಿಗೆ 8 ಕೆಜಿ ಆಯ್ತು, ನಾನು 6ಕ್ಕೇ ನಿಲ್ಲಿಸ್ತೀನಿ. ಭಾರದ್ದು ಬೆನ್ನಿಗೆ ಒತ್ತಿ ಇರಬೇಕು. ಊಟದ ಪಟ್ಟಿ ಪ್ಯಾಟ್ರೋಲಿಗೇ ಬಿಟ್ಟೆ. ಒಂದು ಪ್ಯಾಟ್ರೋಲ್ "ಹಗುರ ಅಲ್ವಾ ಸರ್" ಅಂತ ಮೂರು ದಿನಕ್ಕೂ ಮಂಡಕ್ಕಿಯೇ ಬರೆದು ತಂತು. ತೂಕ ಏನೂ ಇಲ್ಲ ನಿಜ, ಬ್ಯಾಗ್ ತುಂಬಾ ಬರೀ ಮಂಡಕ್ಕಿ! ಹೊದಿಕೆ ಎಲ್ಲಿಡೋದು? ತುಂಬಿ ನೋಡಿ ಅವರೇ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲಕ್ಕೆ ಬಂದ್ರು.

ಆಮೇಲೆ ಅರಣ್ಯ ಇಲಾಖೆಗೆ ಪತ್ರ ಕೊಟ್ಟು, ನಮ್ಮೂರ ಹತ್ತಿರದ ಆಡುಮಲ್ಲೇಶ್ವರದಿಂದ ಜೋಗಿಮಟ್ಟಿ ಬೆಟ್ಟಕ್ಕೆ ಬ್ಯಾಗ್ ಹೊತ್ತು ಒಂದು ಹಗಲು. ಆಮೇಲೆ ಕೊಂಡಜ್ಜಿಯ ಸ್ಕೌಟ್ ಕ್ಯಾಂಪಲ್ಲಿ ಒಂದು ರಾತ್ರಿ. ಅದು ನಿಮ್ಮ ಮಗ್ಗುಲಲ್ಲೇ ಇದೆ, ಕೆರೆ, ಗುಡ್ಡ ಎಲ್ಲಾ ಇದೆ, ನೇರ ಮೂರು ದಿನದ ಕಾಡಿಗೆ ಯಾಕೆ ನುಗ್ತೀರಿ? 1907ರಲ್ಲಿ, ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ತನ್ನ ಮೊದಲ ಕ್ಯಾಂಪಿಗೆ ಇಪ್ಪತ್ತು ಹುಡುಗರನ್ನ ಕರ್ಕೊಂಡು ಹೋದದ್ದೂ ದಡದ ಹತ್ತಿರದ ಒಂದು ಪುಟ್ಟ ದ್ವೀಪಕ್ಕೆ. ತಾಯಂದಿರನ್ನ ಒಪ್ಪಿಸೋ ಗೋಜಿಗೆ ನೀವು ಹೋಗಬೇಡಿ, ಮಗನನ್ನ ಒಮ್ಮೆ ಕಳಿಸಿದ ಇನ್ನೊಬ್ಬ ತಾಯಿಯ ಒಪ್ಪಿಗೆ ಕೇಳಿ, ಆಕೆಯ ಫೋನ್ ನಂಬರ್ ಇವರಿಗೆ ಕೊಡಿ.

ನಿಮ್ಮ ಐದು ಜನರನ್ನೇ ಕರ್ಕೊಂಡು ಹೋಗಿ. ಸಂಖ್ಯೆ ಸಾಲದು ಅಂತ ರದ್ದು ಮಾಡಬೇಡಿ. ಕೊನೆಗೆ ನಾವು ಕೊಡಚಾದ್ರಿ ಹತ್ತಿದ್ದು ಏಳೇ ಮಕ್ಕಳು, ನಾನು, ಇನ್ನೊಬ್ಬರು ಮೇಷ್ಟ್ರು. ಸೋಮವಾರ ಪ್ರಾರ್ಥನೆ ಸಾಲಲ್ಲಿ ಒಬ್ಬ ಸಾಕ್ಸ್ ಇಳಿಸಿ ಇಂಬಳ ಕಚ್ಚಿದ ಗುರುತು ತೋರಿಸ್ತಿದ್ದ, ಸುತ್ತ ಹತ್ತು ತಲೆ ಬಗ್ಗಿದ್ವು. ಶಿಸ್ತಿನ ನೆಪದಲ್ಲಿ ಗದರಬೇಕಿತ್ತು, ಗದರಲಿಲ್ಲ. ಆ ವಾರವೇ ನಾಲ್ಕು ಜನ ಒಬ್ಬೊಬ್ಬರೇ ರೂಮಿಗೆ ಬಂದು ತಕ್ಕಡಿ ಕೇಳಿದ್ರು.