ಗ್ಯಾರೇಜ್ ಪ್ರಶ್ನೋತ್ತರ: ಸಂಜೆ ಆರರ ಮಣ್ಣು, ರಾತ್ರಿ ಒಂಬತ್ತರ ಮಣ್ಣು

ಪ್ರಶ್ನೆ: ಸರ್, ನಮ್ಮೂರು ಹಾಸನದ ಹತ್ತಿರ. ಈಗ ಕೆಲಸದ ಮೇಲೆ ಅಮೆರಿಕದ ಅಯೋವಾದಲ್ಲಿದ್ದೇನೆ. ಇಲ್ಲಿ ಸಣ್ಣಪುಟ್ಟ ಊರುಗಳಲ್ಲೂ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್ ಇರುತ್ತದೆ. ಆಸೆ ತಡೆಯಲಾರದೆ ಹಳೇ ಶೆವ್ರೊಲೆ ಕೋಬಾಲ್ಟ್ ಒಂದನ್ನು ಕೊಂಡು, ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಕೊಳವೆಗಳ ಪಂಜರ) ಹಾಕಿಸಿ, ನಾಲ್ಕು ಸಿಲಿಂಡರ್ ಕ್ಲಾಸಿನಲ್ಲಿ ಓಡಿಸುತ್ತಿದ್ದೇನೆ. ಟ್ರ್ಯಾಕ್ ಸುಮಾರು 600 ಮೀಟರ್. ತಿರುವಿನಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೂ ಕಾರಿನ ಮೂತಿ ಗೋಡೆ ಕಡೆಗೇ ಹೋಗುತ್ತದೆ. ಪ್ರಾಕ್ಟೀಸ್ ದಿನ ಟೈರಿನ ಗಾಳಿ, ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ), ಹಿಂದಿನ ಶಾಕ್ ಅಬ್ಸಾರ್ಬರ್ ಮೂರನ್ನೂ ಬದಲಾಯಿಸಿದೆ. ಲ್ಯಾಪ್ 22 ಸೆಕೆಂಡಿನಿಂದ 21.4ಕ್ಕೆ ಇಳಿಯಿತು. ಅದೇ ಸೆಟ್ಟಿಂಗಿನಲ್ಲಿ ರೇಸಿಗೆ ಹೋದರೆ ಮೊದಲಿಗಿಂತ ಕೆಟ್ಟದಾಯಿತು. ಪಕ್ಕದ ಪಿಟ್‌ನವರು ‘ಎರಡಿಂಚು ಸ್ಟ್ಯಾಗರ್ ಹಾಕು’ ಅನ್ನುತ್ತಾರೆ. ಹಾಕಲೇ?

ಉತ್ತರ: ಸ್ಟ್ಯಾಗರ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ 0.6 ಸೆಕೆಂಡಿನ ಲೆಕ್ಕ ಕೇಳುತ್ತೇನೆ. ಅದರಲ್ಲಿ ನಿಮ್ಮ ಪಾನಾ ಕೆಲಸದ ಪಾಲೆಷ್ಟು, ಮಣ್ಣಿನ ಪಾಲೆಷ್ಟು?

ನೀವು ಹಾಸನದ ಕಡೆಯವರು, ಕಣ ಮಾಡುವುದನ್ನು ನೋಡಿರುತ್ತೀರಿ. ನೆಲಕ್ಕೆ ನೀರು ಹಾಕಿ ಹದಕ್ಕೆ ಬಂದ ಮೇಲೆ ಗುಂಡು ಹೊಡೆಯುತ್ತಾರೆ. ಮೊದಲು ಕಾಲಿಗೆ ಅಂಟುತ್ತದೆ, ಆಮೇಲೆ ಬಿಗಿಯುತ್ತದೆ, ಕೊನೆಗೆ ಬಿಸಿಲಿಗೆ ಒಣಗಿ ಸಿಮೆಂಟಿನ ಹಾಗೆ ನುಣುಪಾಗುತ್ತದೆ. ನಿಮ್ಮ ಟ್ರ್ಯಾಕಿನಲ್ಲಿ ಇದೇ ಕೆಲಸವನ್ನು ಟ್ಯಾಂಕರೂ ರೋಲರೂ ಮಾಡುತ್ತವೆ, ಉಳಿದದ್ದನ್ನು ನಿಮ್ಮ ಟೈರುಗಳೇ ಮಾಡುತ್ತವೆ. ಗೇಟು ತೆರೆದಾಗ ಮಣ್ಣು ಒದ್ದೆ, ಭಾರ, ಕಾರು ನಿಧಾನ. ಹತ್ತಿಪ್ಪತ್ತು ಕಾರು ತುಳಿದ ಮೇಲೆ ಮಣ್ಣು ಬಿಗಿದು ಒಳ್ಳೆ ಹಿಡಿತ ಬರುತ್ತದೆ, ಎಲ್ಲರ ಲ್ಯಾಪೂ ಇಳಿಯುತ್ತದೆ. ರಾತ್ರಿಯಾಗುತ್ತಾ ಮೇಲ್ಪದರ ಒಣಗಿ ಹೊಳಪು ಬಂದರೆ ಎಲ್ಲರೂ ಮತ್ತೆ ನಿಧಾನ. ನೀವು ಏನನ್ನೂ ಮುಟ್ಟದೆ ಸುಮ್ಮನೆ ಕೂತಿದ್ದರೂ 21.4 ಬರುತ್ತಿತ್ತೋ ಏನೋ. ಆರು ಗಂಟೆಯ ಅಂಟುಮಣ್ಣಿಗೆ ಹೊಂದಿಸಿದ ಕಾರನ್ನು ಒಂಬತ್ತರ ನುಣುಪು ನೆಲದಲ್ಲಿ ಓಡಿಸಿದಿರಿ. ಅದು ಜಾರದೆ ಇನ್ನೇನು ಮಾಡೀತು?

ಆದ್ದರಿಂದ ಪ್ರಾಕ್ಟೀಸಿನಲ್ಲಿ ನಾನು ಬಿಡದೆ ಪಾಲಿಸುವ ಕ್ರಮ ಒಂದಿದೆ. ಇದ್ದ ಹಾಗೆ ಐದಾರು ಲ್ಯಾಪ್ ಓಡಿಸಿ. ಒಳಗೆ ಬಂದು ಒಂದೇ ಒಂದು ಬದಲಾವಣೆ ಮಾಡಿ, ಮತ್ತೆ ಐದಾರು ಲ್ಯಾಪ್. ಆಮೇಲೆ, ಇದನ್ನೇ ಯಾರೂ ಮಾಡುವುದಿಲ್ಲ, ಬದಲಾಯಿಸಿದ್ದನ್ನು ವಾಪಸ್ ಮೊದಲಿನಂತೆ ಇಟ್ಟು ಇನ್ನೊಂದು ಸುತ್ತು ಹೋಗಿ. ವಾಪಸ್ ಇಟ್ಟಾಗ ಸಮಯ ಮತ್ತೆ 22ರ ಹತ್ತಿರ ಹೋದರೆ ಆ ಬದಲಾವಣೆ ನಿಜಕ್ಕೂ ಕೆಲಸ ಮಾಡಿದೆ. 21.5ರಲ್ಲೇ ನಿಂತರೆ ಮಾಡಿದ್ದು ಮಣ್ಣು, ನೀವಲ್ಲ. ಹೀಗೆ ಮಾಡಿದರೆ ಒಂದು ಸಂಜೆಗೆ ಎರಡು ವಿಷಯ ಪರೀಕ್ಷೆಯಾದರೆ ಹೆಚ್ಚು. ಆಗಲಿ, ಎರಡಾದರೂ ಗೊತ್ತಾಗುತ್ತದಲ್ಲ. ನೀವು ಮೂರನ್ನು ಒಟ್ಟಿಗೆ ಮಾಡಿ ಒಂದನ್ನೂ ತಿಳಿದುಕೊಳ್ಳಲಿಲ್ಲ.

ಇನ್ನೊಂದು ಮಾತು. ಇಳಿದ ತಕ್ಷಣ ಸ್ಟಾಪ್‌ವಾಚ್ ನೋಡಬೇಡಿ. ಕಾರು ಹೇಗಿತ್ತು ಅಂತ ಮೊದಲು ಬರೆಯಿರಿ, ಆಮೇಲೆ ಸಮಯ ಕೇಳಿ. ಸಂಖ್ಯೆ ಚೆನ್ನಾಗಿದ್ದರೆ ಕಾರೂ ಚೆನ್ನಾಗಿತ್ತು ಅಂತಲೇ ಮನಸ್ಸು ಹೇಳುತ್ತದೆ.

ಈಗ ಮೂತಿ ಹೊರಗೆ ಹೋಗುವ ಕಾಯಿಲೆಗೆ ಬರೋಣ. ಅಲ್ಲಿನವರು ಇದಕ್ಕೆ ‘ಟೈಟ್’ ಅನ್ನುತ್ತಾರೆ, ಹಿಂಬದಿ ತಿರುಗಿದರೆ ‘ಲೂಸ್’. ಆದರೆ ‘ತಿರುವಿನಲ್ಲಿ ಹೋಗುತ್ತದೆ’ ಅಂದರೆ ಸಾಲದು. ತಿರುವಿಗೆ ಇಳಿಯುವಾಗಲೋ, ನಡುವೆಯೋ, ಹೊರಬರುವಾಗಲೋ? ಮೂರೂ ಬೇರೆ ಬೇರೆ ರೋಗ.

ಇಳಿಯುವಾಗ ಹೋಗುತ್ತಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಕಾರಿಗಿಂತ ಡ್ರೈವರ್ ಮೇಲೆ ನನಗೆ ಅನುಮಾನ. ಬ್ರೇಕ್ ಒತ್ತಿಕೊಂಡೇ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಟೈರು ಎರಡು ಕೆಲಸ ಮಾಡಬೇಕು. ಮಣ್ಣಿನ ಮೇಲೆ ಅದಕ್ಕೆ ಒಂದಕ್ಕೇ ಶಕ್ತಿ ಸಾಲದು. ನಾಲ್ಕು ಮಾರು ಮೊದಲೇ, ನೇರದಲ್ಲಿ ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ ನೋಡಿ. ಹೊರಬರುವಾಗ ಹೋಗುತ್ತಿದ್ದರೆ ಆಕ್ಸಿಲರೇಟರ್ ಬೇಗ ಒತ್ತುತ್ತಿದ್ದೀರಿ. ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ, ಎಳೆಯುವುದೂ ತಿರುಗಿಸುವುದೂ ಅದರ ತಲೆಗೇ. ಗೆಳೆಯರೊಬ್ಬರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮುಂದಿನ ಎಡಚಕ್ರದ ವಿಡಿಯೋ ಮಾಡಿಸಿ. ಆ ಒಂದೇ ಚಕ್ರ ಸುಮ್ಮನೆ ಸುತ್ತುತ್ತಾ ಮಣ್ಣು ಎರಚುತ್ತಿದ್ದರೆ ನಿಮ್ಮ ಇಂಜಿನ್ನಿನ ಶಕ್ತಿಯೆಲ್ಲ ಅಲ್ಲೇ ಸೋರುತ್ತಿದೆ. ಕಾಲು ಸ್ವಲ್ಪ ಹಗುರ ಮಾಡಿದರೆ ಕಾರು ಮುಂದಕ್ಕೆ ಹೋಗುತ್ತದೆ.

ನಡುವೆ, ಬ್ರೇಕೂ ಇಲ್ಲದೆ ಆಕ್ಸಿಲರೇಟರೂ ಇಲ್ಲದೆ ಉರುಳುವಾಗಲೂ ಮೂತಿ ಹೊರಗೆ ಹೋಗುತ್ತಿದ್ದರೆ ಮಾತ್ರ ಪಾನಾ ಹಿಡಿಯಿರಿ. ಕೋಬಾಲ್ಟಿನ ತೂಕದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೇ ಇದೆ. ಹಾಗಾಗಿ ನಾವು ಮಾಡಬೇಕಾದದ್ದು ಹಿಂಬದಿಯ ಹಿಡಿತವನ್ನು ಬೇಕೆಂತಲೇ ಸ್ವಲ್ಪ ಕಡಿಮೆ ಮಾಡುವುದು. ಎಲ್ಲಕ್ಕಿಂತ ಅಗ್ಗದ ದಾರಿ ಗಾಳಿ. ಹಿಂದಿನ ಬಲಟೈರಿಗೆ 4 ಪಿಎಸ್‌ಐ ಏರಿಸಿ ನೋಡಿ, ಸಾಲದಿದ್ದರೆ ಇನ್ನೊಂದು 4. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಅರ್ಧ, ಒಂದು ಅಂತ ಏರಿಸಿದರೆ ಹೊಸಬರಿಗೆ ವ್ಯತ್ಯಾಸವೇ ಗೊತ್ತಾಗದು. ಬದಲಾವಣೆ ಕೈಗೆ ತಿಳಿಯುವಷ್ಟು ದೊಡ್ಡದಿರಬೇಕು, ಆಮೇಲೆ ಬೇಕಾದರೆ ಹಿಂದಕ್ಕೆ ಬರಬಹುದು.

ಗಾಳಿ ಅಳೆಯುವುದು ತಣ್ಣಗಿದ್ದಾಗ ಒಮ್ಮೆ, ಒಳಗೆ ಬಂದ ತಕ್ಷಣ ಒಮ್ಮೆ, ಒಂದೇ ಗೇಜಿನಲ್ಲಿ. ಟೈರು ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಿಸಿಲಿಗೆ ನಿಂತ ಬದಿಯ ಟೈರುಗಳಿಗೂ ನೆರಳಿನ ಬದಿಯವಕ್ಕೂ ಇಷ್ಟರಿಂದಲೇ ಲೆಕ್ಕ ತಪ್ಪುತ್ತದೆ.

ಕ್ಯಾಂಬರ್‌ಗೆ ಕೈ ಹಾಕುವ ಮುಂಚೆ ಮುಂದಿನ ಬಲಟೈರಿನ ಹೊರಅಂಚನ್ನು ಬೆರಳಿನಿಂದ ಸವರಿ. ಎಡಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಅದರ ಮೇಲೆ ಒರಗುತ್ತದೆ. ಹೊರಅಂಚು ಮಾತ್ರ ಗರಗಸದಂತೆ ಸವೆದು, ಒಳಅಂಚಿನಲ್ಲಿ ಅಚ್ಚಿನ ಸಣ್ಣ ರಬ್ಬರ್ ಕೂದಲು ಇನ್ನೂ ಹಾಗೇ ಇದ್ದರೆ ಚಕ್ರದ ತಲೆ ಇನ್ನಷ್ಟು ಒಳಕ್ಕೆ ವಾಲಬೇಕು. ಡಾಂಬರು ಟ್ರ್ಯಾಕಿನಲ್ಲಿ ಉಷ್ಣಮಾಪಕ ಚುಚ್ಚಿ ನೋಡುವ ಕೆಲಸ ಮಣ್ಣಿನಲ್ಲಿ ಅಷ್ಟು ನಂಬುವಂಥದ್ದಲ್ಲ. ನನಗೆ ಬೆರಳೇ ವಾಸಿ.

ಈಗ ಆ ಎರಡಿಂಚು. ಸ್ಟ್ಯಾಗರ್ ಅಂದರೆ ಬಲಟೈರಿನ ಸುತ್ತಳತೆ ಎಡಟೈರಿಗಿಂತ ಹೆಚ್ಚಿರುವುದು. ಪಕ್ಕದವರು ಸುಳ್ಳು ಹೇಳಿಲ್ಲ, ಆದರೆ ಅವರು ಹೇಳಿದ್ದು ಅವರ ಗಾಡಿಯ ಮಾತು. ದೊಡ್ಡ ಕ್ಲಾಸಿನ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದು ಒಟ್ಟಿಗೇ ತಿರುಗುತ್ತವೆ. ಚಕ್ರಗಳ ನಡುವೆ 1.5 ಮೀಟರ್, ತಿರುವಿನ ತ್ರಿಜ್ಯ 60 ಮೀಟರ್ ಅಂದುಕೊಳ್ಳಿ. ಹೊರಚಕ್ರ ಒಳಚಕ್ರಕ್ಕಿಂತ ಶೇ 2.5ರಷ್ಟು ಹೆಚ್ಚು ದೂರ ಹೋಗಬೇಕು. 2 ಮೀಟರ್ ಸುತ್ತಳತೆಯ ಟೈರಿಗೆ ಅದು 5 ಸೆಂಟಿಮೀಟರ್, ಅಂದರೆ ಅವರ ಎರಡಿಂಚು. ನಿಮ್ಮ ಕಾರಿನ ಹಿಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಮುಂದೆ ಡಿಫರೆನ್ಷಿಯಲ್ ಇದೆ, ಅದರ ಕೆಲಸವೇ ಈ ವ್ಯತ್ಯಾಸ ನುಂಗುವುದು. ಬೇರೆ ಬೇರೆ ಅಳತೆಯ ಟೈರು ಹಾಕಿದರೆ ನಿಮಗಾಗುವುದು ಕಾರಿನ ಎತ್ತರ ಓರೆಯಾಗಿ ಭಾರದ ಹಂಚಿಕೆ ಬದಲಾಗುವುದಷ್ಟೇ. ಅದಕ್ಕೂ ಉಪಯೋಗವಿದೆ, ಆದರೆ ಈಗ ಬೇಡ. ಡಿಫರೆನ್ಷಿಯಲ್ ಲಾಕ್ ಮಾಡಿಸಿದ್ದರೆ ಮಾತ್ರ ಮಾತು ಬೇರೆ. ಅದಕ್ಕೆ ಅನುಮತಿ ಇದೆಯೇ ಅಂತ ನಿಮ್ಮ ಟ್ರ್ಯಾಕಿನ ನಿಯಮ ಪುಸ್ತಕ ನೋಡಿ.

ಇನ್ನು ಪುಸ್ತಕದ ವಿಷಯ. ನೂರು ಪುಟದ ಒಂದು ನೋಟ್‌ಬುಕ್ ಇಡಿ. ಮನೆಯಿಂದ ಹೊರಡುವ ಮುಂಚೆಯೇ ನಾಲ್ಕೂ ಟೈರಿನ ಸುತ್ತಳತೆ, ಗಾಳಿ, ಸಮ ನೆಲದಲ್ಲಿ ನಾಲ್ಕು ಮೂಲೆಯ ಎತ್ತರ, ದಾರ ಕಟ್ಟಿ ಅಳೆದ ಟೋ (ಮೇಲಿನಿಂದ ನೋಡಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು), ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಅನ್ನುವುದನ್ನೆಲ್ಲ ಬರೆಯಿರಿ. ಟ್ರ್ಯಾಕಿನಲ್ಲಿ ಪ್ರತಿ ಓಟಕ್ಕೆ ಗಂಟೆ ಎಷ್ಟು, ಮಣ್ಣು ಹೇಗಿತ್ತು ಅಂತ ಸೇರಿಸಿ. ಬಿಚ್ಚಿ ಬಿಗಿದ ಪ್ರತಿ ನಟ್ಟಿಗೂ ಬಣ್ಣದ ಒಂದು ಗೆರೆ ಎಳೆಯಿರಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಮಣ್ಣಿನ ಮೇಲೆ ಗಡಿಯಾರದ ಎದುರು ಓಡಿಸುವ ಪಂದ್ಯವಾದ ಆಟೋಕ್ರಾಸ್‌ಗೆ ಬಂದ ಮಾರುತಿ ಎಸ್ಟೀಮ್ ಒಂದರ ಟೋ ಸರಿ ಮಾಡುತ್ತಿದ್ದೆ. ಅಷ್ಟರಲ್ಲಿ ಚಹಾ ಬಂತು, ಮಾತಿಗೆ ಬಿದ್ದೆ, ಸ್ಟೇರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್‌ನ ಲಾಕ್ ನಟ್ ಬಿಗಿಯುವುದು ಮರೆತೇ ಹೋಯಿತು. ಮೂರು ಓಟದವರೆಗೂ ಎಲ್ಲರೂ ಟೈರಿಗೆ ಬೈಯುತ್ತಿದ್ದೆವು. ನಾಲ್ಕನೆಯದಕ್ಕೆ ಹುಡುಗ ‘ಅಣ್ಣ, ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ಇದೆ’ ಅಂದ. ಬಗ್ಗಿ ನೋಡಿದರೆ ನಟ್ ಬೆರಳಲ್ಲೇ ತಿರುಗುತ್ತಿತ್ತು.

ಮುಂದಿನ ಪ್ರಾಕ್ಟೀಸಿನಲ್ಲಿ ಸಾಧ್ಯವಾದಷ್ಟು ತಡವಾಗಿ, ನೆಲ ಹೊಳೆಯತೊಡಗಿದ ಮೇಲೆ ಓಡಿಸಿ. ಬಹುಪಾಲು ಜನ ಆ ಹೊತ್ತಿಗೆ ಟ್ರೈಲರಿಗೆ ಕಾರು ಏರಿಸಿರುತ್ತಾರೆ, ಟ್ರ್ಯಾಕೂ ಖಾಲಿ ಸಿಗುತ್ತದೆ. ಸಾಧ್ಯವಾದರೆ ಒಂದು ಶನಿವಾರ ನಿಮ್ಮದೇ ರಾಜ್ಯದ ನಾಕ್ಸ್‌ವಿಲ್‌ಗೂ ಹೋಗಿ ಬನ್ನಿ. ಅರ್ಧ ಮೈಲಿಯ ಆ ಕರಿಮಣ್ಣಿನ ಟ್ರ್ಯಾಕಿನಲ್ಲಿ 1961ರಿಂದ ಸ್ಪ್ರಿಂಟ್ ಕಾರುಗಳ (ಇಂಥ ಮೊಟ್ಟೆಯಾಕಾರದ ಟ್ರ್ಯಾಕಿಗೆಂದೇ ಕಟ್ಟಿದ ಹಗುರ ರೇಸ್ ಕಾರುಗಳು) ದೊಡ್ಡ ಪಂದ್ಯ ನಡೆಯುತ್ತಿದೆ. ಕಾರುಗಳನ್ನು ಬಿಡಿ, ಸಂಜೆಯಿಂದ ರಾತ್ರಿಯವರೆಗೆ ನೆಲದ ಬಣ್ಣವನ್ನೇ ನೋಡುತ್ತಾ ಕೂರಿ.

ಪ್ರಶ್ನೆ: ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಆಟೋಕ್ರಾಸ್‌ನಲ್ಲಿ ಮೊದಲ ಓಟ ಚೆನ್ನಾಗಿರುತ್ತದೆ, ಎರಡನೆಯದರಲ್ಲಿ 60 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಹಿಂದಿನ ದಿನವಷ್ಟೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಿದ್ದೆ. ಬುಷ್ ಹೋಗಿದೆಯೇ?

ಉತ್ತರ: ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಆಮೇಲೆ. ಮೊದಲು ಚಕ್ರ ಬಿಚ್ಚಿ ರಿಮ್ಮಿನ ಒಳಮೈ ನೋಡಿ. ಒಂದು ಬದಿಗೆ ಅಂಗೈ ಅಗಲದ ಕೆಮ್ಮಣ್ಣು ರೊಟ್ಟಿಯ ಹಾಗೆ ಅಂಟಿ ಒಣಗಿರುತ್ತದೆ. ಕೆಲವೇ ಗ್ರಾಂ ಸೀಸದ ತುಂಡಿನಿಂದ ಬ್ಯಾಲೆನ್ಸ್ ಮಾಡಿದ ಚಕ್ರಕ್ಕೆ ಅದು ಕಾಲು ಕಿಲೋ ಕಲ್ಲು ಕಟ್ಟಿದಂತೆ. ಕಟ್ಟಿಗೆಯ ತುಂಡಿನಿಂದ ಕೆರೆದು ತೆಗೆಯಿರಿ. ಹಾಗೇ ರೇಡಿಯೇಟರಿನ ಮುಂದೆಯೂ ಕೈಯಾಡಿಸಿ, ಅಲ್ಲಿ ಕೆಸರು ಕಟ್ಟಿದರೆ ಇಂಜಿನ್ ಬಿಸಿಯಾಗುತ್ತದೆ. ನೀರು ಹೊಡೆಯುವುದಾದರೆ ಇಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಿರಿ. ಮುಂದಿನಿಂದ ಹೊಡೆದರೆ ಮಣ್ಣು ಇನ್ನೂ ಒಳಕ್ಕೆ ಕೂರುತ್ತದೆ. ಕೆರೆದ ಮೇಲೂ ನಡುಕ ಉಳಿದರೆ ಆಗ ರಿಮ್ ಸೊಟ್ಟಗಾಗಿದೆಯೇ, ಬುಷ್ ಹೋಗಿದೆಯೇ ನೋಡಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮೂರ ಕೆರೆ ಪೂರ್ತಿ ಒಣಗುತ್ತದೆ. ಕೆರೆಯಂಗಳದಲ್ಲಿ ಮನೆ ಕಾರಿನಲ್ಲೇ ಪ್ರಾಕ್ಟೀಸ್ ಮಾಡಬಹುದೇ?

ಉತ್ತರ: ಬೇಡ. ಅಲ್ಲಿ ದನ ಇರುತ್ತವೆ, ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ, ಮಣ್ಣು ತೆಗೆದ ಗುಂಡಿಗಳು ದೂಳಿನಲ್ಲಿ ಕಾಣುವುದಿಲ್ಲ. ಮನೆ ಕಾರಿನಲ್ಲಿ ರೋಲ್ ಕೇಜೂ ಇಲ್ಲ. ಎಫ್‌ಎಂಎಸ್‌ಸಿಐ (ಭಾರತದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ) ಮಾನ್ಯತೆ ಇರುವ ಕ್ಲಬ್ಬಿನ ಆಟೋಕ್ರಾಸ್ ಎಲ್ಲಿ ನಡೆಯುತ್ತದೆ ವಿಚಾರಿಸಿ, ಮೊದಲ ಸಲ ಅಲ್ಲಿ ಮಾರ್ಷಲ್‌ಗಳ ಜೊತೆ ಕೆಲಸಕ್ಕೆ ನಿಲ್ಲಿ. ಹೆಲ್ಮೆಟ್ ಕೊಳ್ಳುವುದು ಆಮೇಲೆ, ಕಾರಂತೂ ಅದಕ್ಕೂ ಆಮೇಲೆ.